ಬಣ್ಣದ ಗಾಜಿನಲ್ಲಿ ಏಳು ಸಂಸ್ಕಾರಗಳು

ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕೆಲವು ಗುರುತುಗಳು ಮತ್ತೆ ಮತ್ತೆ ಕಾಣುತ್ತವೆ: ನೀರ ಹನಿ ತೊಟ್ಟಿಕ್ಕುವ ಚಿಪ್ಪು, ಗೋಧಿ ತೆನೆ, ದ್ರಾಕ್ಷಿ ಗೊಂಚಲು, ಕೆಳಗಿಳಿಯುವ ಪಾರಿವಾಳ, ಅಡ್ಡಡ್ಡ ಇಟ್ಟ ಎರಡು ಬೀಗದಕೈ, ಎಣ್ಣೆಯ ಕುಡಿಕೆ, ಒಂದರೊಳಗೊಂದು ತೂರಿದ ಎರಡು ಉಂಗುರ. ಕಥೋಲಿಕ ಸಭೆ ಎಣಿಸುವ ಏಳು ಸಂಸ್ಕಾರಗಳ ಚಿಹ್ನೆಗಳಿವು. ಜ್ಞಾನಸ್ನಾನ, ದೃಢೀಕರಣ, ಪರಮ ಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ ಎಂದು ಕನ್ನಡ ಕ್ರೈಸ್ತರು ಅವನ್ನು ಹೆಸರಿಸುತ್ತಾರೆ. ಕಣ್ಣಿಗೆ ಕಾಣದ ದೈವಕೃಪೆಗೆ ಕಣ್ಣಿಗೆ ಕಾಣುವ ಗುರುತು ಎಂಬುದು ಸಂಸ್ಕಾರಕ್ಕೆ ಸಭೆ ಹೇಳುತ್ತ ಬಂದ ಅರ್ಥ. ಅದಕ್ಕೊಂದು ವಸ್ತು ಬೇಕು. ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ. ವಸ್ತುವಿನ ಜೊತೆಗೆ ಮಂತ್ರದ ಮಾತು ಬೇಕು. ಬಣ್ಣದ ಗಾಜಿನ ಬಾಳೂ ಇದೇ ಬಗೆಯದು. ಮರಳು, ಬೂದಿ, ಲೋಹ ಸೇರಿ ಆದ ಆ ಚೂರು ಬೆಳಕು ಹಾಯದಿದ್ದರೆ ಬರೀ ಕಪ್ಪು ಬಿಲ್ಲೆ. ಬೆಳಕು ಹಾಯ್ದ ಕ್ಷಣ ಮುಖವಾಗುತ್ತದೆ, ನದಿಯಾಗುತ್ತದೆ, ಬಟ್ಟಲಾಗುತ್ತದೆ. ಸಂಸ್ಕಾರಗಳನ್ನು ಚಿತ್ರಿಸಲು ಇದಕ್ಕಿಂತ ಒಗ್ಗುವ ಮಾಧ್ಯಮ ಕ್ರೈಸ್ತ ಕಲೆಗೆ ಸಿಕ್ಕಿಲ್ಲ.

ಕರ್ನಾಟಕಕ್ಕೆ ಈ ಕಿಟಕಿಗಳು ಹೊರಗಿನಿಂದ ಬಂದವು. ಅವನ್ನು ಹೆಸರಿಸುವ ಮಾತು, ಓದುವ ಕಣ್ಣು, ಬೆಳಗುವ ಬಿಸಿಲು ಮಾತ್ರ ಇಲ್ಲಿಯವು. ‘ಸಂಸ್ಕಾರ’ ಎಂಬ ಪದವನ್ನೇ ನೋಡಬಹುದು. ಹುಟ್ಟಿನಿಂದ ಸಾವಿನವರೆಗಿನ ಹದಿನಾರು ಸಂಸ್ಕಾರಗಳನ್ನು ಬಲ್ಲ ನಾಡಿನಲ್ಲಿ ಆ ಪದ ಕ್ರೈಸ್ತರ ಬಾಯಿಗೆ ಬಂದಾಗ ತನ್ನ ಹಳೆಯ ಪರಿಮಳವನ್ನೂ ಹೊತ್ತು ತಂದಿತು. ‘ದೀಕ್ಷೆ’, ‘ಪ್ರಸಾದ’, ‘ಅಭ್ಯಂಗ’ ಕೂಡ ಹಾಗೆಯೇ. ಕಿಟಕಿಯ ಕೆಳಗೆ ನಿಂತ ಕನ್ನಡಿಗ ಚಿತ್ರವನ್ನು ಓದುವುದು ಈ ಪದಗಳ ಮೂಲಕ.

ಕಿಟಕಿ ತಯಾರಾಗುವ ಬಗೆ ತಿಳಿಯದೆ ಅದರ ಚಿಹ್ನೆಗಳು ಪೂರ್ತಿ ತಿಳಿಯುವುದಿಲ್ಲ. ಬಣ್ಣವನ್ನು ಗಾಜಿನ ಮೇಲೆ ಬಳಿಯುವುದಿಲ್ಲ, ಕರಗಿದ ಗಾಜಿನೊಳಗೇ ಬೆರೆಸುತ್ತಾರೆ. ಕೋಬಾಲ್ಟ್ ಬೆರೆತರೆ ನೀಲಿ, ಮ್ಯಾಂಗನೀಸ್ ಬೆರೆತರೆ ನೇರಳೆ, ಕಬ್ಬಿಣ ಅಥವಾ ತಾಮ್ರದಿಂದ ಹಸಿರು. ತಾಮ್ರದಿಂದಲೇ ಕೆಂಪೂ ಹುಟ್ಟುತ್ತದೆ. ಆದರೆ ಆ ಕೆಂಪು ಎಷ್ಟು ಗಾಢವೆಂದರೆ ದಪ್ಪ ಗಾಜಿನಲ್ಲಿ ಬೆಳಕೇ ಹಾಯದು. ಅದಕ್ಕೆಂದೇ ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರ ಕೂರಿಸುತ್ತಾರೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಈ ವಿದ್ಯೆಯ ಫಲ ಅಪರಿಚಿತವಲ್ಲ. ಅವರ ಕೈಯ ಗಾಜಿನ ಬಳೆಯಲ್ಲೂ ಲೋಹವೇ ಬಣ್ಣವಾಗಿದೆ. ಚೂರುಗಳನ್ನು ನಕಾಶೆಯಂತೆ ಕತ್ತರಿಸಿ, ಮುಖದ ಗೆರೆ, ಬಟ್ಟೆಯ ಮಡಿಕೆಗಳನ್ನು ಗಾಜಿನ ಪುಡಿ ಬೆರೆತ ಕಂದು ಮಸಿಯಿಂದ ಬರೆದು, ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿ ಬೇಯಿಸಿದರೆ ಮಸಿ ಗಾಜಿನೊಡನೆ ಒಂದಾಗುತ್ತದೆ. ಬಳಿಕ ಎರಡೂ ಕಡೆ ತೋಡು ಇರುವ ಸೀಸದ ಪಟ್ಟಿಗಳಲ್ಲಿ ಚೂರುಗಳನ್ನು ಕೂಡಿಸಿ, ಸಂದಿಗಳನ್ನು ಬೆಸೆದು, ಇಡೀ ಫಲಕವನ್ನು ಕಬ್ಬಿಣದ ಅಡ್ಡ ಸರಳುಗಳಿಗೆ ಕಟ್ಟುತ್ತಾರೆ. ಒಳ್ಳೆಯ ಕುಶಲಕರ್ಮಿ ಸೀಸದ ಕಪ್ಪು ಗೆರೆಯನ್ನು ಚಿತ್ರದ ಗೆರೆಯಾಗಿ ದುಡಿಸಿಕೊಳ್ಳುತ್ತಾನೆ. ಸಾಧಾರಣ ಕಿಟಕಿಯಲ್ಲಿ ಅದು ಮುಖವನ್ನೇ ಸೀಳಿಬಿಡುತ್ತದೆ. ಕಿಟಕಿಯ ಗುಣ ಅಳೆಯಲು ಮೊದಲು ನೋಡಬೇಕಾದ ಜಾಗ ಅದೇ.

ಕಲೆಯಾಗಿ ಇದರ ಬೆಳವಣಿಗೆ 12ನೇ ಶತಮಾನದ ಫ್ರಾನ್ಸಿನಲ್ಲಿ. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದ ಅಧಿಪತಿ ಸೂಜೆ 1144ರಲ್ಲಿ ಪ್ರತಿಷ್ಠಾಪಿಸಿದ ಪೀಠಭಾಗದಲ್ಲಿ ಗೋಡೆಯ ಜಾಗವನ್ನು ಗಾಜು ಆಕ್ರಮಿಸಿತು. ವಸ್ತುವಿನ ಬೆಳಕಿನಿಂದ ಮನಸ್ಸು ವಸ್ತುವಿಲ್ಲದ ಬೆಳಕಿಗೆ ಏರುತ್ತದೆ ಎಂಬುದು ಅವನ ನಂಬಿಕೆ. ಮುಂದಿನ ಶತಮಾನದ ಶಾರ್ತ್ರ್ ಕಥೀಡ್ರಲ್‌ನಲ್ಲಿ ಈ ನಂಬಿಕೆ ಊರಿನ ಕಸುಬುದಾರರ ಕೈಗೂ ಬಂತು. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ ಸಮಾರಿಯದವನ ಕಥೆಯ ಕಿಟಕಿಯಲ್ಲಿ, ಕೆಳಗಡೆ, ಜೋಡು ಹೊಲಿಯುವವರು ತಮ್ಮ ಕೆಲಸದಲ್ಲಿ ತೊಡಗಿರುವ ಚಿತ್ರವಿದೆ.

ಸಂಸ್ಕಾರಗಳು ಏಳೇ ಎಂಬ ಎಣಿಕೆ ನೆಲೆನಿಂತದ್ದೂ ಸರಿಸುಮಾರು ಅದೇ ಕಾಲದಲ್ಲಿ, ದೇವತಾಶಾಸ್ತ್ರಜ್ಞ ಪೀಟರ್ ಲೊಂಬಾರ್ಡ್ 12ನೇ ಶತಮಾನದಲ್ಲಿ ಮಾಡಿದ ಪಟ್ಟಿಯಿಂದ. 1439ರ ಫ್ಲಾರೆನ್ಸ್ ಮಹಾಸಭೆ ಅದನ್ನು ಸ್ಪಷ್ಟವಾಗಿ ಸಾರಿತು. ಏಳನ್ನೂ ಒಂದೇ ಕಿಟಕಿಯಲ್ಲಿ ಕಾಣಿಸುವ ಪದ್ಧತಿ 15ನೇ ಶತಮಾನದ ಇಂಗ್ಲೆಂಡಿನದು. ಡೆವನ್ ಪ್ರಾಂತದ ಡಾಡಿಸ್ಕಾಂಬ್ಸ್‌ಲೀ ಎಂಬ ಹಳ್ಳಿಯ ಚರ್ಚಿನಲ್ಲಿ ಅಂಥದೊಂದು ಉಳಿದಿದೆ. ನಡುವೆ ಕ್ರಿಸ್ತ, ಅವನ ಗಾಯಗಳಿಂದ ಹೊರಟ ಕೆಂಪು ಗೆರೆಗಳು ಸುತ್ತಲಿನ ಏಳು ಚಿತ್ರಗಳನ್ನು ಮುಟ್ಟುತ್ತವೆ. ಮಗುವಿನ ತಲೆಗೆ ನೀರು, ಮದುಮಕ್ಕಳ ಕೈ, ಸಾಯುತ್ತಿರುವವನ ಹಾಸಿಗೆ ಎಲ್ಲವೂ ಒಂದೇ ರಕ್ತದ ದಾರದಲ್ಲಿ ಪೋಣಿಸಿಕೊಂಡಿವೆ. ಯೊವಾನ್ನನ ಶುಭಸಂದೇಶ ಹೇಳುವ ಘಟನೆಯೇ ಇದಕ್ಕೆ ಮೂಲ: ಶಿಲುಬೆಯ ಮೇಲಿದ್ದ ಯೇಸುವಿನ ಪಕ್ಕೆಯನ್ನು ಈಟಿಯಿಂದ ತಿವಿದಾಗ ಹೊರಬಂದದ್ದು ರಕ್ತ ಮತ್ತು ನೀರು. ನೀರು ಜ್ಞಾನಸ್ನಾನಕ್ಕೆ, ರಕ್ತ ಪರಮ ಪ್ರಸಾದಕ್ಕೆ ಸಂಕೇತವೆಂದು ಸಭೆಯ ಪಿತೃಗಳು ಓದಿದರು.

ಎಲ್ಲ ಚಿಹ್ನೆಗಳೂ ಸಮಾನ ಶ್ರೀಮಂತವಲ್ಲ. ಜ್ಞಾನಸ್ನಾನಕ್ಕೂ ಪರಮ ಪ್ರಸಾದಕ್ಕೂ ಗಾಜುಗಾರರು ಕೊಟ್ಟ ಗಮನ ಉಳಿದ ಐದಕ್ಕೆ ದಕ್ಕಿಲ್ಲ.

ಜ್ಞಾನಸ್ನಾನದ ಕಿಟಕಿಯಲ್ಲಿ ಸಾಮಾನ್ಯವಾಗಿ ಯೊರ್ದಾನ್ ನದಿ, ಒಂಟೆಯ ತುಪ್ಪಟದ ಉಡುಪಿನ ಸ್ನಾನಿಕ ಯೊವಾನ್ನ, ಮೊಣಕಾಲುದ್ದ ನೀರಿನಲ್ಲಿ ನಿಂತ ಯೇಸು, ಮೇಲೆ ಪಾರಿವಾಳ ಇರುತ್ತವೆ. ಚಿತ್ರ ಬೇಡವೆಂದಲ್ಲಿ ಚಿಪ್ಪು ಮತ್ತು ಮೂರು ಹನಿ ಸಾಕು. ಮೂರು ಹನಿ ತ್ರಿತ್ವಕ್ಕೆ. ಇದರ ಪಕ್ಕದಲ್ಲಿ ಹಳೆಯ ಒಡಂಬಡಿಕೆಯ ಜೋಡಿಚಿತ್ರ ಇಡುವುದು ಮಧ್ಯಯುಗದ ರೂಢಿ: ನೋವನ ನಾವೆ, ಕೆಂಪು ಸಮುದ್ರ ದಾಟಿದ ಜನ, ಮೋಶೆ ಬಂಡೆಗೆ ಹೊಡೆದಾಗ ಚಿಮ್ಮಿದ ನೀರು. ತುಂಗಭದ್ರೆಯ ದಡದ ಹರಿಹರ, ಗುತ್ತೂರುಗಳ ಜನಕ್ಕೆ ನದಿಯಲ್ಲಿ ಮುಳುಗಿ ಏಳುವುದರ ಅರ್ಥ ಯಾರೂ ವಿವರಿಸಬೇಕಿಲ್ಲ. ಆದರೆ ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ತೀರ್ಥಸ್ನಾನ ಹಬ್ಬಕ್ಕೊಮ್ಮೆ, ಸಂಕ್ರಾಂತಿಗೊಮ್ಮೆ ಮರಳಿ ಬರುತ್ತದೆ. ಜ್ಞಾನಸ್ನಾನ ಬದುಕಿನಲ್ಲಿ ಒಂದೇ ಸಲ. ಜ್ಞಾನಸ್ನಾನದ ತೊಟ್ಟಿಗೆ ಎಂಟು ಮೂಲೆ ಇಡುವುದಕ್ಕೆ ಕಾರಣವೂ ಇಲ್ಲಿಯೇ ಇದೆ. ಏಳು ದಿನಗಳ ವಾರ ಮುಗಿದ ಮೇಲಿನ ಎಂಟನೆಯ ದಿನ ಪುನರುತ್ಥಾನದ ದಿನ. ತಿರುಗಿ ತಿರುಗಿ ಬರುವ ವಾರದ ಚಕ್ರದಿಂದ ಹೊರಗಿನ ದಿನ.

ಪರಮ ಪ್ರಸಾದದ ಚಿಹ್ನೆಗಳಲ್ಲಿ ಕನ್ನಡ ಓದುಗರಿಗೆ ಅತ್ಯಂತ ಹತ್ತಿರದ್ದು ಹೆಜ್ಜಾರ್ಲೆ. ಹಳೆಯ ಕಿಟಕಿಗಳಲ್ಲಿ, ಪೀಠದ ಕೆತ್ತನೆಗಳಲ್ಲಿ ಒಂದು ದೊಡ್ಡ ಬಿಳಿ ಹಕ್ಕಿ ಗೂಡಿನಲ್ಲಿ ನಿಂತು, ಕೊಕ್ಕನ್ನು ತನ್ನ ಎದೆಗೇ ಚುಚ್ಚಿಕೊಂಡು, ಒಸರುವ ರಕ್ತವನ್ನು ಮರಿಗಳಿಗೆ ಉಣಿಸುತ್ತಿರುತ್ತದೆ. ಅದು ಪೆಲಿಕನ್, ಕನ್ನಡದ ಹೆಜ್ಜಾರ್ಲೆ. ತನ್ನ ರಕ್ತದಿಂದಲೇ ಮಕ್ಕಳನ್ನು ಪೊರೆಯುವ ಈ ಹಕ್ಕಿ ಕ್ರಿಸ್ತನಿಗೆ ಸಂಕೇತವೆಂದು ಮಧ್ಯಯುಗದ ಪ್ರಾಣಿಕಥೆಗಳು ಹೇಳಿದವು. ಆ ಹಕ್ಕಿಯನ್ನೇ ಎಂದೂ ಕಾಣದ ಗಾಜುಗಾರರು ಅದಕ್ಕೆ ಹದ್ದಿನ ಕೊಕ್ಕು, ಹಂಸದ ಕತ್ತು ಬರೆದದ್ದೂ ಉಂಟು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಕುಲದ ಹಕ್ಕಿ ಊರ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತದೆ. ಅಲ್ಲಿ ನಿಂತು ನೋಡಿದರೆ ಕಥೆ ಹುಟ್ಟಿದ ಬಗೆ ಊಹೆಗೆ ಸಿಗುತ್ತದೆ. ಹೆಜ್ಜಾರ್ಲೆ ದಣಿದಾಗ ಉದ್ದ ಕೊಕ್ಕನ್ನು ಎದೆಗೆ ಒತ್ತಿ ನಿಲ್ಲುತ್ತದೆ. ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ತೂರಿಸಿ, ಅರೆ ಅರಗಿದ ಮೀನನ್ನು ಕಿತ್ತು ತಿನ್ನುತ್ತದೆ. ದೂರದಿಂದ ಕಾಣುವವರಿಗೆ ತಾಯಿಯ ಒಡಲನ್ನೇ ಮರಿ ಉಣ್ಣುತ್ತಿದೆ ಎನಿಸುವುದು ಸಹಜ. ಪಕ್ಷಿಶಾಸ್ತ್ರ ರಕ್ತದ ಕಥೆಯನ್ನು ಒಪ್ಪುವುದಿಲ್ಲ. ಆದರೆ ತಾಯಿ ತನ್ನೊಳಗಿಂದಲೇ ಉಣಿಸುತ್ತಾಳೆ ಎಂಬ ಮಾತು ಹಾಗೆಯೇ ಉಳಿಯುತ್ತದೆ, ಚಿಹ್ನೆಗೆ ಬೇಕಾದದ್ದೂ ಅಷ್ಟೇ.

ಗೋಧಿ ಮತ್ತು ದ್ರಾಕ್ಷಿಯ ಚಿತ್ರ ಎಲ್ಲಕ್ಕಿಂತ ಸಾಮಾನ್ಯ. ದಾವಣಗೆರೆ, ಹರಿಹರದ ಸೀಮೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನೆಲ. ಹೊಲದಲ್ಲಿ ಭತ್ತದ ತೆನೆ ಬಾಗಿರುವಾಗ ಕಿಟಕಿಯಲ್ಲಿ ಗೋಧಿಯ ತೆನೆ ನೆಟ್ಟಗೆ ನಿಂತಿರುತ್ತದೆ. ಇದನ್ನು ಪರಕೀಯ ಅನುಕರಣೆ ಎಂದು ತಳ್ಳಿಹಾಕುವವರಿದ್ದಾರೆ. ಆ ತೀರ್ಪು ಅವಸರದ್ದು. ಕಥೋಲಿಕ ಸಭೆಯ ಕಾನೂನಿನ ಪ್ರಕಾರ ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕು, ರಸ ದ್ರಾಕ್ಷಿಯದೇ ಆಗಿರಬೇಕು. ಅಕ್ಕಿ ನಾಡಿನಲ್ಲೂ ಇದಕ್ಕೆ ವಿನಾಯಿತಿಯಿಲ್ಲ. ಸಂಸ್ಕಾರದ ವಸ್ತುವೇ ಬದಲಾಗದಿರುವಾಗ ಗಾಜಿನ ಗುರುತು ಬದಲಾದರೆ ಸುಳ್ಳಾಗುತ್ತದೆ. ಮೇಲಾಗಿ ಕನ್ನಡ ನಾಡಿಗೆ ಗೋಧಿಯೂ ದ್ರಾಕ್ಷಿಯೂ ಹೊಸವಲ್ಲ, ವಿಜಯಪುರದ ಕಡೆ ಎರಡೂ ಬೆಳೆಯುತ್ತವೆ.

ಕೊನೆಯ ಭೋಜನದ ದೃಶ್ಯದಲ್ಲಿ ಓದಬೇಕಾದ ಸೂಕ್ಷ್ಮಗಳು ಹಲವು. ಯೇಸುವಿನ ಎದೆಗೊರಗಿದ ಎಳೆಯ ಮುಖ ಶಿಷ್ಯ ಯೊವಾನ್ನನದು. ಹಣದ ಚೀಲ ಹಿಡಿದವನು ಯೂದ. ಅನೇಕ ಕಿಟಕಿಗಳಲ್ಲಿ ಅವನ ತಲೆಯ ಹಿಂದೆ ಮಾತ್ರ ಪ್ರಭಾವಲಯವಿಲ್ಲ. ಕಾನಾ ಊರಿನ ಮದುವೆಯ ಚಿತ್ರವಂತೂ ಎರಡು ಸಂಸ್ಕಾರಗಳನ್ನು ಒಟ್ಟಿಗೆ ಹೊರುತ್ತದೆ. ಮದುಮಕ್ಕಳು ವಿವಾಹಕ್ಕೆ, ನೀರು ರಸವಾದ ಆರು ಕಲ್ಲಿನ ಬಾನೆಗಳು ಪರಮ ಪ್ರಸಾದಕ್ಕೆ.

ಉಳಿದವುಗಳಲ್ಲಿ ದೃಢೀಕರಣಕ್ಕೆ ಪಾರಿವಾಳ ಅಥವಾ ಬೆಂಕಿಯ ನಾಲಗೆಗಳು. ಪಾಪನಿವೇದನೆಗೆ ಪೇತ್ರನಿಗೆ ಕೊಟ್ಟ ಬೀಗದಕೈಗಳು, ಇಲ್ಲವೆ ಮನೆಗೆ ಮರಳಿದ ಮಗನನ್ನು ತಬ್ಬಿದ ತಂದೆ. ಗುರುದೀಕ್ಷೆಗೆ ಬಟ್ಟಲು ಮತ್ತು ಕೊರಳ ಪಟ್ಟಿ. ವಿವಾಹಕ್ಕೆ ಉಂಗುರ ಅಥವಾ ಕೂಡಿದ ಕೈಗಳು. ರೋಗಿಗಳ ಅಭ್ಯಂಗಕ್ಕೆ ಎಣ್ಣೆಯ ಕುಡಿಕೆ, ಆಲಿವ್ ರೆಂಬೆ. ಈ ಕೊನೆಯದರ ಬಗ್ಗೆ ಹರಿಹರದಲ್ಲಿ ವಿಶೇಷವಾಗಿ ಯೋಚಿಸಲು ಕಾರಣವಿದೆ. 1988ರಲ್ಲಿ ರೂಪುಗೊಂಡ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ, ಕಿರಿಯ ಬಸಿಲಿಕಾ ಪದವಿ ಪಡೆದ ಇಲ್ಲಿನ ಆರೋಗ್ಯ ಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಬೇರೆ ಬೇರೆ ಧರ್ಮದವರು ಕಾಯಿಲೆಯ ಹರಕೆ ಹೊತ್ತು ಬರುತ್ತಾರೆ. ಮಾತೆಯ ಬಳಿಯ ಹರಕೆ ಭಕ್ತಿಯ ಆಚರಣೆ. ಗುರುಗಳು ಹಣೆಗೂ ಅಂಗೈಗೂ ಎಣ್ಣೆ ಸವರುವುದು ಸಂಸ್ಕಾರ. ಎರಡನ್ನೂ ಸಭೆ ಬೇರೆಯಾಗಿಯೇ ಕಾಣುತ್ತದೆ. ಆದರೂ ದೀಪಾವಳಿಯ ಎಣ್ಣೆನೀರನ್ನು ಬಲ್ಲ ಕನ್ನಡಿಗನಿಗೆ, ಮೈಗೆ ಎಣ್ಣೆ ಮುಟ್ಟಿಸುವುದೆಂದರೆ ಮೈಯನ್ನು ಆದರಿಸುವುದು ಎಂಬ ಅರ್ಥ ತಾನಾಗಿ ಹೊಳೆಯುತ್ತದೆ. ಆಲಿವ್ ರೆಂಬೆ ಅಪರಿಚಿತವಾದರೂ ಕುಡಿಕೆ ಅಪರಿಚಿತವಲ್ಲ.

ಬಣ್ಣಗಳ ಓದಿನಲ್ಲಿ ಮಾತ್ರ ತೊಡಕಿದೆ. ಪೂಜಾವಿಧಿಯಲ್ಲಿ ಬಿಳಿ ಪಾಸ್ಖ ಮತ್ತು ಕ್ರಿಸ್ಮಸ್ಸಿಗೆ, ಕೆಂಪು ಪವಿತ್ರಾತ್ಮಕ್ಕೂ ರಕ್ತಸಾಕ್ಷಿಗಳಿಗೂ, ನೇರಳೆ ತಪಸ್ಸುಕಾಲಕ್ಕೆ, ಹಸಿರು ಸಾಧಾರಣ ಕಾಲಕ್ಕೆ. ಕನ್ನಡದ ಮನೆಗಳಲ್ಲಿ ಹಸಿರು ಬಳೆ ಮದುವೆ, ಸೀಮಂತಗಳ ಮಂಗಳದ ಗುರುತು. ಬಿಳಿ ಸೀರೆಗೆ ಅನೇಕ ಕಡೆ ಬೇರೆಯೇ ನೆನಪು. ಕ್ರೈಸ್ತ ಕನ್ನಡಿಗರು ಈ ಎರಡು ಬಣ್ಣಭಾಷೆಗಳನ್ನೂ ಏಕಕಾಲಕ್ಕೆ ಬಲ್ಲವರು.

ಕರ್ನಾಟಕದಲ್ಲಿ ಈ ಕಲೆಯನ್ನು ನೋಡಲು ಮೊದಲು ಹೋಗಬೇಕಾದದ್ದು ಮೈಸೂರಿನ ಸಂತ ಫಿಲೋಮಿನಾ ಕಥೀಡ್ರಲಿಗೆ. ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿ ಕಟ್ಟಿಸಿಕೊಟ್ಟ ಹಳೆಯ ಚರ್ಚಿನ ಜಾಗದಲ್ಲಿ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಕಟ್ಟಡ ಇದು. ಜರ್ಮನಿಯ ಕಲೋನ್ ಕಥೀಡ್ರಲಿನ ಪ್ರೇರಣೆಯ ಅದರ ಎರಡು ಗೋಪುರಗಳ ಎತ್ತರ 175 ಅಡಿ. ಶಿಲುಬೆಯಾಕಾರದ ಒಳಾಂಗಣಕ್ಕೆ ಫ್ರಾನ್ಸಿನಿಂದ ತರಿಸಿದ ಗಾಜುಚಿತ್ರಗಳಲ್ಲಿ ಕ್ರಿಸ್ತನ ಜನನ, ಸ್ನಾನಿಕ ಯೊವಾನ್ನನಿಂದ ಸ್ನಾನ, ಕೊನೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣಗಳಿವೆ. ಏಳು ಸಂಸ್ಕಾರಗಳ ಪಟ್ಟಿ ಇಲ್ಲಿಲ್ಲ. ಆದರೆ ಸ್ನಾನ, ಭೋಜನ, ಶಿಲುಬೆ ಎಂಬ ಮೂರನ್ನು ಒಟ್ಟಿಗೆ ಓದಿದರೆ ಸಂಸ್ಕಾರಗಳ ಬೇರು ಕಾಣುತ್ತದೆ: ನೀರು, ರೊಟ್ಟಿ, ಮತ್ತು ಎರಡಕ್ಕೂ ಅರ್ಥ ಕೊಟ್ಟ ಮರಣ. ಹೀಗೆ ಕಥೆಯ ಮೂಲಕವೇ ಸಂಸ್ಕಾರವನ್ನು ಸೂಚಿಸುವುದು ಬಿಡಿ ಚಿಹ್ನೆಗಳ ಸಾಲಿಗಿಂತ ಆಳವಾದ ಮಾರ್ಗ.

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾ 1882ರಲ್ಲಿ ಪ್ರತಿಷ್ಠೆಗೊಂಡ ಗಾಥಿಕ್ ಕಟ್ಟಡ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಬಣ್ಣದ ಗಾಜುಗಳನ್ನು ಕಳಚಿ ಇಟ್ಟು, 1947ರಲ್ಲಿ ಮತ್ತೆ ಕೂರಿಸಿದರು. ಫಲಕ ಫಲಕವಾಗಿ ಬಿಡಿಸಬಹುದಾದ ಸೀಸದ ಕಟ್ಟೇ ಇದಕ್ಕೆ ಅನುವು ಮಾಡಿದ್ದು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನ ಶೆಟ್ಟಿಹಳ್ಳಿಯದು ತದ್ವಿರುದ್ಧ ಕಥೆ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿದ ಜಪಮಾಲೆ ಮಾತೆಯ ಚರ್ಚು ಈಗ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದುನಿಲ್ಲುವ ಪಾಳು ಗೋಡೆ. ಅದರ ಮೊನಚು ಕಮಾನುಗಳಲ್ಲಿ ಗಾಜಿನ ಚೂರೂ ಉಳಿದಿಲ್ಲ. ಕಿಟಕಿಯ ಆಕಾರವೊಂದೇ ಆಕಾಶವನ್ನು ಕತ್ತರಿಸಿ ತೋರಿಸುತ್ತದೆ.

ಪ್ರೊಟೆಸ್ಟೆಂಟ್ ಸಭೆಗಳ ದಾರಿ ಬೇರೆ. ಅವು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡನ್ನೇ ಸಂಸ್ಕಾರವೆಂದು ಒಪ್ಪುತ್ತವೆ. ಧರ್ಮಸುಧಾರಣೆಯ ಕಾಲದಲ್ಲೂ ಅದರ ಬಳಿಕವೂ ಚಿತ್ರದ ಗಾಜುಗಳು ವಿಗ್ರಹಾರಾಧನೆಯೆಂದು ಪುಡಿಯಾದವು. 1643–44ರಲ್ಲಿ ವಿಲಿಯಂ ಡೌಸಿಂಗ್ ಎಂಬವನು ಇಂಗ್ಲೆಂಡಿನ ಪೂರ್ವ ಜಿಲ್ಲೆಗಳಲ್ಲಿ ಊರಿಂದೂರಿಗೆ ಹೋಗಿ ಇದನ್ನು ಮಾಡಿಸಿದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಆ ಸರಳತೆಯ ಪರಂಪರೆಗೆ ಸೇರಿದ್ದು. ಅದರ ಹಳೆಯ ಚರ್ಚುಗಳಲ್ಲಿ ಮಾತಿಗೆ ಮೊದಲ ಜಾಗ, ಚಿತ್ರಕ್ಕಲ್ಲ. ಅದೇ ಮಿಶನ್ 1865ರಲ್ಲಿ ತೆರೆದ ಹೆಂಚಿನ ಕಾರ್ಖಾನೆ ಕರಾವಳಿಯ ಸೂರುಗಳನ್ನೇ ಬದಲಿಸಿತು. ಆ ಹೆಂಚುಗಳ ನಡುವೆ ಕೂರಿಸುವ ಒಂದು ಗಾಜಿನ ಹೆಂಚು ಅಡುಗೆಮನೆಯ ಹೊಗೆಯಲ್ಲಿ ಬೆಳಕಿನ ಕೋಲು ನಿಲ್ಲಿಸುವುದನ್ನು ಕಂಡವರಿಗೆ, ಬಣ್ಣವಿಲ್ಲದ ಬೆಳಕಿಗೂ ಎಂಥ ಮಾತಿದೆಯೆಂಬುದು ಗೊತ್ತು.

1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಬಲಿಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು. ಚಿಹ್ನೆಗಳೂ ಈ ನೆಲದವಾಗಬೇಕೆಂಬ ಒತ್ತಾಯ ಹುಟ್ಟಿದ್ದು ಆಗಲೇ. ದೀಪ, ಕಮಲ, ಕಲಶಗಳು ಚರ್ಚಿನೊಳಗೆ ಬಂದವು. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲಸಿದ ಕಲಾವಿದ ಜ್ಯೋತಿ ಸಾಹಿ ಈ ದಾರಿಯಲ್ಲಿ ದಶಕಗಳ ಕಾಲ ಚಿಂತಿಸಿದವರು. ಕಲಶದ ನೀರು ಜ್ಞಾನಸ್ನಾನಕ್ಕೆ ಹೊಂದಿಕೊಳ್ಳುವಷ್ಟು ಸಲೀಸಾಗಿ ಎಲ್ಲವೂ ಹೊಂದುವುದಿಲ್ಲ. ಗೋಧಿಯ ಪ್ರಶ್ನೆ ಅದಕ್ಕೆ ಸಾಕ್ಷಿ.

ಇಂದಿನ ಸಣ್ಣ ಚರ್ಚುಗಳಲ್ಲಿ ಸಾದಾ ಗಾಜಿಗೆ ಮುದ್ರಿತ ಪ್ಲಾಸ್ಟಿಕ್ ಹಾಳೆ ಅಂಟಿಸುವುದು ಹೆಚ್ಚು. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಹಾಳೆಯ ಬಣ್ಣ ಬಿಸಿಲಿಗೆ ಮಾಸುತ್ತದೆ. ಗಾಜಿನೊಳಗಿನ ಲೋಹದ ಬಣ್ಣ ಶತಮಾನಗಳಾದರೂ ಮಾಸದು. ಸಭೆಗೆ ನಿಜವಾದ ಗಾಜಿನ ಒಂದು ಚಿಕ್ಕ ಕಿಟಕಿ ಕೈಗೆಟುಕುವುದಾದರೆ, ಹತ್ತು ಹಾಳೆಗಳಿಗಿಂತ ಅದೇ ಮೇಲು. ಹಳೆಯ ಕಿಟಕಿಗಳಲ್ಲಿ ಮೊದಲು ಸೋಲುವುದು ಗಾಜಲ್ಲ, ಸೀಸ. ಸುಮಾರು ನೂರು ವರ್ಷಕ್ಕೆ ಅದು ದಣಿದು ಫಲಕ ಉಬ್ಬುತ್ತದೆ, ಆಗ ಹೊಸ ಸೀಸ ಕಟ್ಟಬೇಕು. ಕಲ್ಲೇಟಿನಿಂದ ಕಾಪಾಡಲು ಹೊರಗೆ ಪ್ಲಾಸ್ಟಿಕ್ ತಟ್ಟೆ ಹೊದಿಸಿ ಗಾಳಿಯಾಡಲು ಸಂದಿ ಬಿಡದಿದ್ದರೆ, ದಾವಣಗೆರೆಯಂಥ ಊರಿನ ಬೇಸಿಗೆಯಲ್ಲಿ ನಡುವೆ ಸಿಕ್ಕಿಬಿದ್ದ ಕಾವು ಸೀಸವನ್ನು ಇನ್ನೂ ಬೇಗ ದಣಿಸುತ್ತದೆ.

ಬಿಸಿಲಿನ ಲೆಕ್ಕ ಚಿಹ್ನೆಗಳ ಓದಿಗೂ ಸಂಬಂಧಿಸಿದ್ದು. ಶಾರ್ತ್ರ್ ಇರುವುದು 48 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲೂ ಅಲ್ಲಿ ಸೂರ್ಯ ದಿಗಂತದಿಂದ ಸುಮಾರು 18 ಡಿಗ್ರಿಯಷ್ಟೇ ಮೇಲೇರುತ್ತಾನೆ, ಕಿರಣ ಕಿಟಕಿಗೆ ನೇರ ಬಡಿಯುತ್ತದೆ. ಉತ್ತರದ ಗೋಡೆಗೆ ನಡುಹಗಲಿನ ಬಿಸಿಲು ವರ್ಷವಿಡೀ ಇಲ್ಲ. ಕತ್ತಲ ಉತ್ತರಕ್ಕೆ ಹಳೆಯ ಒಡಂಬಡಿಕೆ, ಬೆಳಕಿನ ದಕ್ಷಿಣಕ್ಕೆ ಹೊಸ ಒಡಂಬಡಿಕೆ ಎಂದು ಹಂಚುವ ರೂಢಿ ಅಂಥ ನೆಲದಲ್ಲಿ ಬೆಳೆದದ್ದು. ಹರಿಹರ ಇರುವುದು ಹದಿನಾಲ್ಕೂವರೆ ಡಿಗ್ರಿಯಲ್ಲಿ. ಡಿಸೆಂಬರಿನಲ್ಲೂ ಸೂರ್ಯ 52 ಡಿಗ್ರಿ ಮೇಲಿರುತ್ತಾನೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ನೆರಳಿಲ್ಲದ ದಿನ ಬರುತ್ತದೆ. ಆ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ಉತ್ತರದ ಕಡೆಗೇ ವಾಲುತ್ತಾನೆ. ಯುರೋಪಿನ ಉತ್ತರ–ದಕ್ಷಿಣದ ಕ್ರಮ ಆಗ ಇಲ್ಲಿ ತಲೆಕೆಳಗಾಗುತ್ತದೆ. ಇಲ್ಲಿ ಕಿಟಕಿ ಮಾತಾಡುವ ಹೊತ್ತು ಬೆಳಗ್ಗೆ ಮತ್ತು ಸಂಜೆ. ಪೂರ್ವ, ಪಶ್ಚಿಮದ ಗೋಡೆಗಳದ್ದೇ ಮೇಲುಗೈ.

ಇದೇ ಊರಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಅಂದರೆ ಶಾರ್ತ್ರ್ ಕಿಟಕಿಗಳಿಗೆ ಗಾಜು ಕತ್ತರಿಸುತ್ತಿದ್ದ ವರ್ಷಗಳಲ್ಲಿಯೇ. ಅಲ್ಲಿ ತೆರೆದ ಮಂಟಪದ ಬೆಳಕಿನಿಂದ ಹೆಜ್ಜೆ ಹೆಜ್ಜೆಗೂ ಗರ್ಭಗುಡಿಯ ಕತ್ತಲಿಗೆ ಹೋಗಿ, ದೀಪದಲ್ಲಿ ಹರಿ–ಹರರ ಒಂದೇ ಮೂರ್ತಿಯನ್ನು ಕಾಣಬೇಕು. ಗಾಥಿಕ್ ಚರ್ಚಿನಲ್ಲಿ ಬಾಗಿಲಿನ ಮಬ್ಬಿನಿಂದ ಪೀಠದ ಬೆಳಕಿನತ್ತ ನಡೆಯುತ್ತಾರೆ. ಉರಿಬಿಸಿಲಿನ ನಾಡು ದೇವರನ್ನು ನೆರಳಿನಲ್ಲಿಟ್ಟಿತು, ಮೋಡದ ನಾಡು ಬಣ್ಣದ ಬೆಳಕಿನಲ್ಲಿಟ್ಟಿತು.

ಆರೋಗ್ಯ ಮಾತೆಯ ಹಬ್ಬ ಬರುವುದು ಮುಂಗಾರಿನ ಮೋಡ ಇನ್ನೂ ಚದುರದ ದಿನಗಳಲ್ಲಿ. ಬಣ್ಣದ ಗಾಜಿಗೆ ಅದೇ ಒಳ್ಳೆಯ ಹವೆ; ಮೋಡ ಸೋಸಿದ ಸಮ ಬೆಳಕಿನಲ್ಲಿ ಮಸಿಗೆರೆಗಳೂ ಮುಖಭಾವಗಳೂ ತಿಳಿಯಾಗಿ ಕಾಣುತ್ತವೆ. ಸಂಜೆಯಾಗುತ್ತಿದ್ದಂತೆ ಮೊದಲು ಕೆಂಪು ಕಪ್ಪಾಗುತ್ತದೆ, ನೀಲಿ ಕೊನೆಯವರೆಗೆ ಉಳಿಯುತ್ತದೆ. ಮಸುಕಿನಲ್ಲಿ ನೀಲಿಯನ್ನೇ ಹೆಚ್ಚು ಗ್ರಹಿಸುವುದು ಮನುಷ್ಯನ ಕಣ್ಣಿನ ಗುಣ. ಬಟ್ಟಲಿನ ರಸ ಮಾಯವಾದ ಮೇಲೂ ಯೊರ್ದಾನಿನ ನೀರು ಸ್ವಲ್ಪ ಹೊತ್ತು ಕಾಣುತ್ತಿರುತ್ತದೆ. ಒಳಗೆ ದೀಪ ಹತ್ತಿಸಿದ ಮೇಲೆ ಪೂಜೆಗೆ ಕೂತವರಿಗೆ ಕಿಟಕಿ ಕಪ್ಪು. ಆಗ ಅದು ಕಾಣುವುದು ಹೊರಗೆ ರಸ್ತೆಯಲ್ಲಿ ಹೋಗುವವರಿಗೆ.